ಎರಡು ಚೀಟಿ, ಒಂದು ಮೈ

ಈ ಉಪನ್ಯಾಸದ ದತ್ತಿಗೆ ಹೆಸರಿಲ್ಲ. ಆಹ್ವಾನ ಪತ್ರಿಕೆಯಲ್ಲಿ ‘ತಾಯಿಯ ನೆನಪಿಗೆ’ ಎಂದಷ್ಟೇ ಅಚ್ಚಾಗಿದೆ. ಯಾರ ತಾಯಿ ಎಂಬುದಿಲ್ಲ. ದತ್ತಿ ಇಟ್ಟವರು ಹಾಗೆ ಕೇಳಿಕೊಂಡರು. ಕಾರಣ ನನಗೆ ಗೊತ್ತು, ಸಂಘದ ಕಾರ್ಯದರ್ಶಿಗಳಿಗೆ ಗೊತ್ತು, ಅಲ್ಲಿಗೆ ಮುಗಿಯಿತು. ವಿಷಯವನ್ನು ಮಾತ್ರ ಅವರೇ ಆರಿಸಿಕೊಟ್ಟರು: ಎಚ್‌ಐವಿ ಇರುವ ಹೆಂಗಸಿಗೆ ಮುಟ್ಟು ನಿಂತ ಮೇಲೆ ಹಾರ್ಮೋನ್ ಕೊಡಬಹುದೇ, ಕೊಡಬಾರದೇ? ಪತ್ರಿಕೆ ಕೈಸೇರಿದ ದಿನವೇ ಹಿರಿಯರೊಬ್ಬರು ಫೋನ್ ಮಾಡಿ, “ಗಣಪತಿ ಊರಿನಲ್ಲಿ ಬೇರೆ ವಿಷಯ ಸಿಗಲಿಲ್ಲವೇ ಡಾಕ್ಟರೇ?” ಎಂದು ಕೇಳಿದರು. ಅವರು ಇವತ್ತು ಮೊದಲ ಸಾಲಿನಲ್ಲೇ ಕೂತಿದ್ದಾರೆ. ನನಗೆ ಅಷ್ಟು ಸಾಕು.

ಟಿಟ್ವಾಳಾದ ಮಹಾಗಣಪತಿಯ ಹತ್ತಿರ ಜನ ಏನು ಬೇಡಲು ಬರುತ್ತಾರೆಂದು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಕೂಡದ ಮದುವೆ ಕೂಡಬೇಕು, ಮುರಿದದ್ದು ಸೇರಬೇಕು. ಕಣ್ವರ ಆಶ್ರಮ ಇಲ್ಲೇ ಇತ್ತು, ದುಷ್ಯಂತ ಮರೆತುಬಿಟ್ಟ ಶಕುಂತಲೆ ಪೂಜಿಸಿದ್ದು ಈ ಗಣಪತಿಯನ್ನೇ ಎನ್ನುವುದು ಸ್ಥಳಪುರಾಣ. ಮದುವೆಗೆ ಈತನಿದ್ದಾನೆ. ಬಸಿರಿಗೆ ಹರಕೆ ಹೊರಲು ಬೇರೆ ದೇವರಿದ್ದಾರೆ. ಕೂಸು ಹುಟ್ಟಿದ ಐದನೆಯ ದಿನ ಹಣೆಬರಹ ಬರೆಯಲು ಸಟವಾಯಿ ಬರುತ್ತಾಳೆ. ಹೆಣ್ಣಿನ ಒಂದೊಂದು ಘಟ್ಟಕ್ಕೂ ಒಬ್ಬೊಬ್ಬರು ಇದ್ದಾರೆ. ಮುಟ್ಟು ನಿಲ್ಲುವ ಘಟ್ಟದ ಖಾತೆಯನ್ನು ಮಾತ್ರ ಯಾವ ದೇವರಿಗೂ ಹಂಚಿಲ್ಲ. ಸರಕಾರದ ಕಥೆಯೂ ಹೆಚ್ಚುಕಡಿಮೆ ಅದೇ.

ಕಲ್ಯಾಣದ ಕಡೆಗೆ ಲೋಕಲ್ ಹಿಡಿಯುವವರು ಸಭೆಯಲ್ಲಿ ಇರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಬಹುದು. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಹಾರ್ಮೋನ್ ಚಿಕಿತ್ಸೆ ನಿಷಿದ್ಧವಲ್ಲ. ಸ್ತನದ ಕ್ಯಾನ್ಸರ್ ಆಗಿದ್ದರೆ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಹೃದಯಾಘಾತ ಅಥವಾ ಲಕ್ವ ಹೊಡೆದಿದ್ದರೆ, ಲಿವರ್ ಕೆಟ್ಟಿದ್ದರೆ ಕೊಡುವುದಿಲ್ಲ. ಆದರೆ ಈ ಪಟ್ಟಿ ಎಲ್ಲ ಹೆಂಗಸರಿಗೂ ಒಂದೇ. ಎಚ್‌ಐವಿ ಇರುವವಳಿಗೆ ಹೆಚ್ಚಿನ ಪ್ರಶ್ನೆ ಒಂದೇ ಒಂದು: ನೀನು ಯಾವ ಗುಳಿಗೆ ನುಂಗುತ್ತಿದ್ದೀಯಮ್ಮ? ಈ ಪ್ರಶ್ನೆಯನ್ನು ಕೇಳದೆ ನಾನು ಎಡವಿದ ಕಥೆಯನ್ನೇ ಈಗ ಹೇಳಬೇಕು.

2018ರ ಸುಮಾರಿಗೆ ಕಲ್ಯಾಣದ ನನ್ನ ದವಾಖಾನೆಗೆ ಒಬ್ಬ ಹೆಂಗಸು ಬಂದಳು. ಗುರುತು ಹತ್ತಬಾರದೆಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಇಂಡಿ ತಾಲ್ಲೂಕಿನವಳು, ಟಿಟ್ವಾಳಾದ ಚಾಳಿನಲ್ಲಿ ಒಂದು ಖೋಲಿ, ಡೊಂಬಿವಲಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ಗಂಡ ಗೌಂಡಿ, ಹೋಗಿ ಬಹಳ ವರ್ಷವಾಗಿತ್ತು. ವಯಸ್ಸು 43. ಮುಟ್ಟು ನಿಂತು ಎರಡು ವರ್ಷ. ನಾನು ಹುಬ್ಬಳ್ಳಿ ಕಡೆಯವಳೆಂದು ಯಾರೋ ಹೇಳಿದ್ದರಂತೆ. ಕೂತವಳೇ ಕನ್ನಡದಲ್ಲಿ ಶುರುಮಾಡಿದಳು.

“ಬಾಯಾರ, ಮೈಯಾಗ ಝಳ ಏಳತದ್ರಿ. ರಾತ್ರಿ ಹಾಸಗಿ ತೊಯ್ದು ಹಿಂಡೂವಂಗ ಆಗತದ.”

“ದಿನಾ ಒಲಿ ಮುಂದ ಕೂಡ್ತೀ ಅಲ್ಲವಾ, ಅದರ ಝಳ ಇರಬೇಕು.”

“ಒಲಿ ಝಳ ಬ್ಯಾರೆ ರೀ. ಅದು ಮಾರಿಗೆ ಬಡೀತದ. ಇದು ಎದಿಯೊಳಗಿಂದ ಮ್ಯಾಲ ಬರತದ.”

ಮೂವತ್ತು ವರ್ಷ ಪುಸ್ತಕ ಓದಿದ ನನಗೆ ಇದಕ್ಕಿಂತ ಚೊಕ್ಕ ವಿವರಣೆ ಸಿಕ್ಕಿಲ್ಲ. ನಮ್ಮ ಪಾಠದಲ್ಲಿ ಇದನ್ನು ‘ಹಾಟ್ ಫ್ಲಶ್’ ಎನ್ನುತ್ತಾರೆ, ಕನ್ನಡಕ್ಕೆ ತಂದವರು ‘ಬಿಸಿ ಹೊಮ್ಮುವಿಕೆ’ ಎಂದೆಲ್ಲ ಬರೆಯುತ್ತಾರೆ. ಝಳ ಎಂಬ ಮಾತು ಅಡುಗೆಮನೆಯಲ್ಲೇ ಕೂತಿತ್ತು. ‘ಋತುಬಂಧ’ದ ಬಗ್ಗೆಯೂ ನನಗೆ ಜಗಳವಿದೆ; ಅದರೊಳಗಿನ ‘ಬಂಧ’ ಸೆರೆಮನೆಯ ಹಾಗೆ ಕೇಳುತ್ತದೆ. ನಮ್ಮ ಹೆಂಗಸರು ‘ಮುಟ್ಟು ನಿಂತಾವ’ ಎನ್ನುತ್ತಾರೆ, ಇಲ್ಲಿ ಹುಟ್ಟಿ ಬೆಳೆದವರು ಮರಾಠಿಯಲ್ಲಿ ‘ಪಾಳಿ ಗೇಲಿ’ ಎನ್ನುತ್ತಾರೆ. ಎರಡೂ ಸರಿಯಾಗಿವೆ.

ಆಗುವುದು ಇಷ್ಟು. ಅಂಡಾಶಯದಿಂದ ಬರುತ್ತಿದ್ದ ಈಸ್ಟ್ರೋಜನ್ ಇಳಿದಾಗ ಮೈಯ ಶಾಖ ನೋಡಿಕೊಳ್ಳುವ ಮಿದುಳಿನ ಭಾಗ ವಿಪರೀತ ಸೂಕ್ಷ್ಮವಾಗುತ್ತದೆ. ಹಿಂದೆ ತಡೆದುಕೊಳ್ಳುತ್ತಿದ್ದ ಸಣ್ಣ ಏರಿಕೆಗೂ ಈಗ ಬೊಬ್ಬೆ ಹಾಕುತ್ತದೆ: ಚರ್ಮದ ರಕ್ತನಾಳಗಳು ತೆರೆದುಕೊಳ್ಳುತ್ತವೆ, ಬೆವರು ಕಿತ್ತುಕೊಳ್ಳುತ್ತದೆ, ಆಮೇಲೆ ಚಳಿ. ನಿದ್ದೆ ಹೋಗುತ್ತದೆ, ನಿದ್ದೆಯ ಹಿಂದೆ ಸಮಾಧಾನ ಹೋಗುತ್ತದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46. ಪಶ್ಚಿಮದ ದೇಶಗಳಲ್ಲಿ 51ರ ಆಸುಪಾಸು. ಎಚ್‌ಐವಿ ಇರುವವರಲ್ಲಿ ಇನ್ನೂ ಬೇಗ ನಿಲ್ಲುವುದನ್ನು ಹಲವು ಅಧ್ಯಯನಗಳು ಕಂಡಿವೆ, ಅದರಲ್ಲೂ ರಕ್ತದಲ್ಲಿ ರೋಗ ತಡೆಯುವ ಸಿಡಿ-ಫೋರ್ ಕಣಗಳು ಬಹಳ ಕೆಳಗಿಳಿದಿದ್ದವರಲ್ಲಿ. 45ಕ್ಕಿಂತ ಮೊದಲು ನಿಂತರೆ ಝಳವಷ್ಟೇ ಅಲ್ಲ, ಮೂಳೆ ಮತ್ತು ಹೃದಯದ ಲೆಕ್ಕವೂ ಬೇರೆ. ಅಂಥವರಿಗೆ ಹಾರ್ಮೋನ್ ಕೊಡುವುದು ಸುಖಕ್ಕಲ್ಲ. ಮೈಗೆ ನ್ಯಾಯವಾಗಿ ಸಿಗಬೇಕಾದದ್ದನ್ನು 50ರವರೆಗಾದರೂ ಸಲ್ಲಿಸುವುದಕ್ಕೆ.

ಆಕೆಗೆ 41ಕ್ಕೇ ನಿಂತಿತ್ತು. ಬಿಪಿ ನೋಡಿದೆ, ಸ್ತನ ಪರೀಕ್ಷೆ ಮಾಡಿದೆ, ಸೋನೋಗ್ರಫಿ ಮಾಡಿಸಿದೆ. “ಬ್ಯಾರೆ ಗುಳಿಗಿ ಏನರ ತಗೋತೀ ಏನವಾ?” ಎಂದೆ. “ಇಲ್ರಿ” ಎಂದಳು. ಎಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜನ್ ಗುಳಿಗೆ, ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಬರೆದುಕೊಟ್ಟೆ. ತಿಂಗಳು ಬಿಟ್ಟು ಬಂದಳು: ಝಳ ಹಾಗೇ ಇತ್ತು. ಇನ್ನೊಂದು ತಿಂಗಳು ನೋಡೋಣ ಎಂದೆ. ಹಾಗೇ. ಪ್ರಮಾಣ ಎರಡು ಪಟ್ಟು ಮಾಡಿದೆ. ಸ್ವಲ್ಪವೂ ಕದಲಲಿಲ್ಲ. ಗುಳಿಗೆಯನ್ನು ಸರಿಯಾಗಿ ನುಂಗುತ್ತಿಲ್ಲವೆಂದು ಗದರಿದೆ ಕೂಡ. ಆ ಗದರಿಕೆ ಈಗಲೂ ಗಂಟಲಿನಲ್ಲಿ ಸಿಕ್ಕಿಕೊಂಡಿದೆ.

ಮುಂದಿನ ಸಲ ಬಂದವಳು ಬಾಗಿಲು ಹಾಕಿ ಎಂದಳು. ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಳು. ಎಚ್‌ಐವಿಗೆ ಗುಳಿಗೆ ಕೊಡುವ ಎಆರ್‌ಟಿ ಸೆಂಟರಿನ ಹಸಿರು ಪುಸ್ತಕ. ಕಲ್ಯಾಣದ ಕಡೆ ಯಾರಾದರೂ ನೋಡಿಯಾರೆಂದು 64 ಕಿಲೋಮೀಟರ್ ದೂರದ ಮುಂಬಯಿಗೆ ಹೋಗಿ ಗುಳಿಗೆ ತರುತ್ತಿದ್ದಳು. 14 ವರ್ಷದ ದಾಖಲೆ ಅದರಲ್ಲಿತ್ತು. ಈಗಿನ ಗುಳಿಗೆ ಯಾವುದೆಂದು ನೋಡಿದೆ: ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆನ್ಜ್. ಎಲ್ಲ ತಿಳಿಯಿತು.

ಒಲೆಯ ಭಾಷೆಯಲ್ಲೇ ಹೇಳುತ್ತೇನೆ. ಈಸ್ಟ್ರೋಜನ್ ಅನ್ನು ಕೊನೆಗೆ ಸುಟ್ಟುಹಾಕುವ ಒಲೆ ಲಿವರ್. ಎಫಾವಿರೆನ್ಜ್ ಆ ಒಲೆಗೆ ಊದುಗೊಳವೆ ಇದ್ದ ಹಾಗೆ. ಲಿವರಿನ ಕಿಣ್ವಗಳನ್ನು ಉರಿಸುತ್ತದೆ. ನಾನು ಕೊಟ್ಟ ಹಾರ್ಮೋನ್ ರಕ್ತಕ್ಕೆ ಸೇರುವ ಮೊದಲೇ ಬೂದಿಯಾಗುತ್ತಿತ್ತು. ನೆವಿರಾಪಿನ್ ಮಾಡುವುದೂ ಇದನ್ನೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅಂತೂ ಊದುಗೊಳವೆಗಳಿಗೆಲ್ಲ ಅಣ್ಣ. ಎರಡನೆಯ ಸಾಲಿನ ಚಿಕಿತ್ಸೆಯಲ್ಲಿ ಬರುವ ರಿಟೊನಾವಿರ್ ಇನ್ನೊಂದು ಜಾತಿ: ಕೆಲವು ಹಾರ್ಮೋನುಗಳ ಮಟ್ಟಿಗೆ ಬೆಂಕಿಗೆ ನೀರು ಹಾಕುತ್ತದೆ, ಕೆಲವಕ್ಕೆ ಉರಿ ಹೆಚ್ಚಿಸುತ್ತದೆ. ಈಗ ದೇಶದ ಬಹುಪಾಲು ಜನ ನುಂಗುತ್ತಿರುವ ಡೊಲುಟೆಗ್ರಾವಿರ್ ಒಲೆಯ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಇವತ್ತು ಹಾರ್ಮೋನ್ ಕೊಡುವುದು 2018ಕ್ಕಿಂತ ಎಷ್ಟೋ ಸುಲಭ. ಹಾರ್ಮೋನಿನಿಂದ ಎಚ್‌ಐವಿ ಗುಳಿಗೆಯ ಶಕ್ತಿ ಕುಂದಿ ವೈರಸ್ ಏರೀತೇ ಎಂದು ಹೆದರುವವರಿದ್ದಾರೆ. ಈ ಡೊಲುಟೆಗ್ರಾವಿರ್ ಗುಳಿಗೆಯ ಜೊತೆ ಆ ಹೆದರಿಕೆ ಬೇಡ.

ಆಕೆ ನನಗೇಕೆ ಸುಳ್ಳು ಹೇಳಿದಳು? ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹಿಂದೆ ಒಂದು ಆಸ್ಪತ್ರೆಯಲ್ಲಿ, ಯಾವುದೆಂದು ಬೇಡ, ಹಸಿರು ಪುಸ್ತಕ ತೋರಿಸಿದ ಮೇಲೆ ಆಕೆಯನ್ನು ಪರೀಕ್ಷೆಯ ಮೇಜಿಗೆ ಹತ್ತಿಸಿರಲಿಲ್ಲ. ದೂರದಿಂದಲೇ ಚೀಟಿ ಬರೆದುಕೊಟ್ಟು ಕಳಿಸಿದ್ದರು. ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವುದು, ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಪ್ಪು. ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆ ಬಂದ ಮಾತ್ರಕ್ಕೆ ಸೀರೆಯ ತುಂಡು ಬಿಚ್ಚಿಕೊಳ್ಳುವುದಿಲ್ಲ. ಸ್ತ್ರೀರೋಗ ತಜ್ಞೆಯ ಚೀಟಿ ಒಂದು ಚೀಲದಲ್ಲಿ, ಎಆರ್‌ಟಿಯ ಪುಸ್ತಕ ಇನ್ನೊಂದರಲ್ಲಿ. ಎರಡನ್ನೂ ಹೊತ್ತು ತಿರುಗುವ ಮೈ ಒಂದೇ. ಎರಡೂ ಒಂದು ಮೇಜಿನ ಮೇಲೆ ಬರುವ ತನಕ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನಾವು ಆಡುವ ಮಾತೆಲ್ಲ ಹಾರಿಕೆಯ ಮಾತು.

ಈ ಪುಸ್ತಕದ ಹಿಂದಿನ ಚರಿತ್ರೆಯನ್ನೂ ಎರಡು ಮಾತಿನಲ್ಲಿ ನೆನೆಯಬೇಕು. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದರು. ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇದ್ದವು. ನಡುವಿನ 18 ವರ್ಷದಲ್ಲಿ ಹೋದವರು ಹೋದರು. ಕಾಮಾಠಿಪುರದ, ಭಿವಂಡಿಯ ಕೆಂಪುದೀಪದ ಓಣಿಗಳಲ್ಲಿ ಕನ್ನಡ ಕೇಳಿಬರುತ್ತಿದ್ದ ಕಾಲ ಅದು. ಸವದತ್ತಿ, ಅಥಣಿ, ಮುಧೋಳ, ಜಮಖಂಡಿಯಿಂದ ಬಂದ ಹುಡುಗಿಯರು. ಅವರಲ್ಲಿ ದೇವರಿಗೆ ಬಿಟ್ಟವರೂ ಇದ್ದರು, ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆ 1982ರಲ್ಲೇ ಆಗಿದ್ದರೂ. ಸಾಂಗಲಿಯಲ್ಲಿ 1992ರಲ್ಲಿ ಶುರುವಾದ ‘ಸಂಗ್ರಾಮ’, ಅಲ್ಲಿಂದ ಹುಟ್ಟಿದ ಲೈಂಗಿಕ ಕಾರ್ಯಕರ್ತೆಯರ ‘ವ್ಯಾಂಪ್’ ಸಂಘಟನೆಯಲ್ಲಿ ಗಡಿ ದಾಟಿ ಬಂದ ಕನ್ನಡದ ಹೆಂಗಸರು ಬಹಳ ಮಂದಿ. ಆಗ ಅವರು ಕೇಳುತ್ತಿದ್ದದ್ದು ಕಾಂಡೋಮ್, ಪೊಲೀಸರಿಂದ ರಕ್ಷಣೆ, ರೇಷನ್ ಕಾರ್ಡು. ಮುಪ್ಪು ಯಾರ ಪಟ್ಟಿಯಲ್ಲೂ ಇರಲಿಲ್ಲ. ಇರಲು ಸಾಧ್ಯವೇ ಇರಲಿಲ್ಲ.

ಗುಳಿಗೆ ಬಂತು, ಬದುಕಿದರು. ಸ್ಟಾವುಡಿನ್ ತಿಂದು ಕೆನ್ನೆ ಬತ್ತಿದವರು, ಜಿಡೊವುಡಿನ್‌ನಿಂದ ರಕ್ತ ಇಳಿದವರು, ಎಫಾವಿರೆನ್ಜ್‌ನ ಕೆಟ್ಟ ಕನಸು ಕಂಡವರು, ಎಲ್ಲ ದಾಟಿ ಈಗ ದಿನಕ್ಕೆ ಒಂದು ಗುಳಿಗೆಗೆ ಬಂದು ನಿಂತಿದ್ದಾರೆ. ದೇಶದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ. ಅವರಲ್ಲಿ ಹೆಂಗಸರು ನೂರಕ್ಕೆ 40ಕ್ಕೂ ಹೆಚ್ಚು. ಸಂಖ್ಯೆಯಲ್ಲಿ ಮಹಾರಾಷ್ಟ್ರವೇ ಮೊದಲು. 2004ರಲ್ಲಿ 28 ವರ್ಷದವಳಾಗಿ ಸೆಂಟರಿನ ಬಾಗಿಲು ತುಳಿದವಳು ಇವತ್ತು 50ರ ಹತ್ತಿರ. ಆಕೆ ಬಸಿರಾದರೆ ಏನು ಮಾಡಬೇಕೆಂದು ನಮ್ಮ ವ್ಯವಸ್ಥೆಗೆ ಕಂಠಪಾಠವಾಗಿದೆ. ಮಗುವಿಗೆ ಸೋಂಕು ದಾಟದ ಹಾಗೆ ನೋಡಿಕೊಳ್ಳುವ ಕಾರ್ಯಕ್ರಮ ನಿಜಕ್ಕೂ ಹೆಮ್ಮೆಯದು. ಬಸಿರು ಮುಗಿದವಳನ್ನು ಮಾತ್ರ ಅದು ಗಂಡಸಿನ ಹಾಗೆ ನೋಡುತ್ತದೆ: ತೂಕ, ಸಿಡಿ-ಫೋರ್, ವೈರಲ್ ಲೋಡ್, ಮುಂದಿನವರು ಬನ್ನಿ.

ಮುಂದಿನವರು ಬನ್ನಿ ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ, ಪ್ರತಿ ಸಲವೂ. ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀಯಾ. ಕ್ಷಯ ಹಿಡಿಯುವ ಬಲೆ ಇದು. ಸರಿಯಾದ ಬಲೆ; ಎಚ್‌ಐವಿ ಇರುವವರನ್ನು ಹೆಚ್ಚು ಕೊಂಡೊಯ್ಯುವುದು ಕ್ಷಯವೇ. ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿ, 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿಯವರನ್ನು ಮರುವರ್ಷವೇ, 22 ತುಂಬುವ ಮೊದಲೇ ಒಯ್ದದ್ದೂ ಅದೇ ರೋಗ. ಪ್ರಸೂತಿ ಶಾಸ್ತ್ರದ ಮೇಲೆ ಪ್ರಬಂಧ ಬರೆದಿದ್ದ ಆ ಹುಡುಗಿ ನನ್ನ ದಾರಿಯ ಮೊದಲ ಹೆಜ್ಜೆ ಇಟ್ಟವಳು. ಆದ್ದರಿಂದ ರಾತ್ರಿ ಬೆವರಿನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ.

ಆದರೆ 41ರ ಹೆಂಗಸು ಈ ನಾಲ್ಕನೆಯ ಪ್ರಶ್ನೆಗೆ ‘ಹೌದ್ರಿ’ ಎಂದರೆ ಏನಾಗುತ್ತದೆ ನೋಡಿ. ಕಫ ಕೊಡು, ಎಕ್ಸ್‌ರೇ ತೆಗೆಸು, ನಾಳೆ ಬಾ. ಖಾನಾವಳಿಯಲ್ಲಿ ಎರಡು ದಿನದ ಪಗಾರ ಕಟ್. ಕಫದಲ್ಲಿ ಏನೂ ಇಲ್ಲ. ಮುಂದಿನ ಸಲ ಮತ್ತೆ ಹೌದು, ಮತ್ತೆ ಕಫ, ಮತ್ತೆ ಏನೂ ಇಲ್ಲ. ಮೂರು ಸಲ ಹೀಗಾದ ಮೇಲೆ ಆಕೆ ಕಲಿತದ್ದು ಒಂದೇ ಪಾಠ. “ಈಗ ಬೆವರು ಇಲ್ಲ ಅಂತ ಹೇಳಿಬಿಡತೀನ್ರಿ” ಎಂದಳು ನನ್ನ ಮುಂದೆ, ದೊಡ್ಡ ಜಾಣತನ ಮಾಡಿದವಳ ಹಾಗೆ. ನನ್ನ ಎದೆ ಧಸಕ್ಕೆಂದಿತು. ನಾಳೆ ನಿಜವಾಗಿ ಕ್ಷಯ ಬಂದರೂ ಆಕೆ ಇಲ್ಲ ಎಂದೇ ಹೇಳುತ್ತಾಳೆ. ಝಳಕ್ಕೆ ಮದ್ದು ಮಾಡುವುದು ಹೆಂಗಸರ ಶೋಕಿ ಎಂದುಕೊಂಡವರು ಇದನ್ನು ಯೋಚಿಸಬೇಕು. ಕ್ಷಯದ ಬಲೆಗೆ ತೂತು ಬೀಳುವುದು ಹೀಗೆ. ಮದ್ದು ಸಾಧ್ಯವಾಗದಿದ್ದರೂ ಐದನೆಯ ಪ್ರಶ್ನೆಯೊಂದನ್ನು ಸೇರಿಸಲು ಖರ್ಚೇನಿಲ್ಲ: ಮುಟ್ಟು ಯಾವಾಗ ಬಂದಿತ್ತು?

ಈಗ 2002ಕ್ಕೆ ಬರುತ್ತೇನೆ, ಏಕೆಂದರೆ ಹಾರ್ಮೋನ್ ಎಂದ ಕೂಡಲೇ ಸಭೆಯಲ್ಲಿ ಕ್ಯಾನ್ಸರ್ ಎಂಬ ಪಿಸುಮಾತು ಕೇಳಿಸಿತು. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಪ್ರಯೋಗದಲ್ಲಿ 16,608 ಹೆಂಗಸರು ಇದ್ದರು. ಅರ್ಧದಷ್ಟು ಜನರಿಗೆ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಜೊತೆಗೆ ಕೃತಕ ಪ್ರೊಜೆಸ್ಟಿನ್. ಉಳಿದವರಿಗೆ ಹುಸಿ ಗುಳಿಗೆ. ಅವಧಿ ಮುಗಿಯುವ ಮೊದಲೇ, 2002ರ ಜುಲೈಯಲ್ಲಿ ನಿಲ್ಲಿಸಿದರು. 10,000 ಹೆಂಗಸರು ಒಂದು ವರ್ಷ ನುಂಗಿದರೆ ಸ್ತನ ಕ್ಯಾನ್ಸರ್ 8 ಹೆಚ್ಚು, ಲಕ್ವ 8 ಹೆಚ್ಚು, ಹೃದಯದ ತೊಂದರೆ 7 ಹೆಚ್ಚು, ಶ್ವಾಸಕೋಶದಲ್ಲಿ ಹೆಪ್ಪು 8 ಹೆಚ್ಚು; ಸೊಂಟದ ಮೂಳೆ ಮುರಿತ 5 ಕಡಿಮೆ, ಕರುಳಿನ ಕ್ಯಾನ್ಸರ್ 6 ಕಡಿಮೆ. ಜಗತ್ತೇ ಗುಳಿಗೆಯನ್ನು ಚರಂಡಿಗೆ ಚೆಲ್ಲಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾದವರ ಲೆಕ್ಕವನ್ನು ನಿನ್ನೆ ನಿಂತವಳ ತಲೆಗೆ ಕಟ್ಟಿದರು. ಆಮೇಲಿನ ವಿಶ್ಲೇಷಣೆಗಳಿಂದ ನಿಂತಿರುವ ತಿಳಿವಳಿಕೆ ಇದು: 60ರೊಳಗೆ, ಮುಟ್ಟು ನಿಂತ 10 ವರ್ಷದೊಳಗೆ ಶುರುಮಾಡಿದರೆ, ಅಡ್ಡಿಯ ಪಟ್ಟಿಯಲ್ಲಿ ಇಲ್ಲದವಳಿಗೆ, ನಷ್ಟಕ್ಕಿಂತ ಲಾಭವೇ ಹೆಚ್ಚು. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್ ಮೊದಲು ಲಿವರಿಗೆ ಹೋಗದೆ ನೇರ ರಕ್ತಕ್ಕೆ ಸೇರುವುದರಿಂದ ಹೆಪ್ಪುಗಟ್ಟುವ ಭಯವೂ ಕಡಿಮೆ.

ಎಚ್‌ಐವಿ ಇರುವ ಹೆಂಗಸರನ್ನೇ ಕೂರಿಸಿಕೊಂಡು ಇಂಥ ದೊಡ್ಡ ಪ್ರಯೋಗವನ್ನು ಯಾರೂ ಮಾಡಿಲ್ಲ. ಇಂಗ್ಲೆಂಡಿನಲ್ಲಿ ‘ಪ್ರೈಮ್’ ಎಂಬ ಅಧ್ಯಯನ ನಡೆಯಿತು; 45ರಿಂದ 60 ವರ್ಷದ 869 ಎಚ್‌ಐವಿ ಇರುವ ಹೆಂಗಸರನ್ನು ಮಾತಾಡಿಸಿದರು. ಝಳ ಇದ್ದವರಲ್ಲಿ ಹಾರ್ಮೋನ್ ಪಡೆದವರು ಹತ್ತರಲ್ಲಿ ಒಬ್ಬಳೂ ಇಲ್ಲ. ಎಲ್ಲರಿಗೂ ಉಚಿತ ವೈದ್ಯ ಸೇವೆ ಇರುವ ದೇಶದ ಮಾತು ಇದು. ಎಚ್‌ಐವಿ ಡಾಕ್ಟರು ‘ಅದು ನನ್ನದಲ್ಲ’ ಎಂದರು, ಊರ ಡಾಕ್ಟರು ‘ನಿಮ್ಮ ಗುಳಿಗೆ ನನಗೆ ತಿಳಿಯದು’ ಎಂದರು. ಚೀಲ ಎರಡಿರುವುದು ಟಿಟ್ವಾಳಾದಲ್ಲಿ ಮಾತ್ರವಲ್ಲ, ಲಂಡನ್ನಿನಲ್ಲೂ ಎರಡೇ.

ಮೂಳೆಯ ಮಾತು ಹೇಳದೆ ಬಿಡುವಂತಿಲ್ಲ. ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ಎಚ್‌ಐವಿಯೂ ಸವೆಸುತ್ತದೆ. ಪಥ್ಯದ ಹಾಗೆ ದಿನವೂ ನುಂಗುವ ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಕೂಡ ಒಂದಿಷ್ಟು ಸವೆಸುತ್ತದೆ. ಮೂರು ಕಡೆಯಿಂದ ಉಜ್ಜಿದ ಮೂಳೆ ಬಚ್ಚಲಲ್ಲಿ ಜಾರಿದರೆ ಸಾಕು. ಹಾಗಾಗಿ ಡಾಕ್ಟರು ಕ್ಯಾಲ್ಸಿಯಂ ಬರೆಯುತ್ತಾರೆ. ಇಲ್ಲೊಂದು ಗುಂಡಿಯಿದೆ, ಈ ಮಾತನ್ನು ದಯವಿಟ್ಟು ಮನೆಗೆ ಒಯ್ಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ಆಸಿಡಿಟಿಯ ಆಂಟಾಸಿಡ್ ಇವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರನ್ನು ತಬ್ಬಿ ಹಿಡಿದು ರಕ್ತಕ್ಕೆ ಪೂರ್ತಿ ಬಿಡುವುದಿಲ್ಲ. ಡೊಲುಟೆಗ್ರಾವಿರ್ ನುಂಗಿದ 2 ಗಂಟೆಯ ನಂತರ ಕ್ಯಾಲ್ಸಿಯಂ, ಅಥವಾ ಕ್ಯಾಲ್ಸಿಯಂ ನುಂಗಿ 6 ಗಂಟೆ ಬಿಟ್ಟು ಡೊಲುಟೆಗ್ರಾವಿರ್. ಇಲ್ಲವೇ ಎರಡನ್ನೂ ತುಂಬು ಊಟದ ಜೊತೆ. ಖಾಲಿ ಹೊಟ್ಟೆಗೆ ಎರಡೂ ಒಟ್ಟಿಗೆ ಬೇಡ. ಹಾರ್ಮೋನಿನಿಂದ ವೈರಸ್ ಏರೀತೆಂದು ಹೆದರುವ ನಾವು, ಯಾರೂ ಹೆದರದ ಈ ಕ್ಯಾಲ್ಸಿಯಂ ಗುಳಿಗೆಯನ್ನು ಅಂಗಡಿಯಿಂದ ಕೇಳಿ ತಂದು ನುಂಗುತ್ತೇವೆ.

ಹೃದಯಕ್ಕೆಂದು ಹಾರ್ಮೋನ್ ಕೊಡುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ. 12 ದೇಶಗಳಲ್ಲಿ 7,769 ಜನ ಎಚ್‌ಐವಿ ಇರುವವರ ಮೇಲೆ ನಡೆದ ‘ರಿಪ್ರೀವ್’ ಪ್ರಯೋಗದಲ್ಲಿ ಭಾರತದವರೂ ಇದ್ದರು. ಪಿಟಾವಸ್ಟಾಟಿನ್ ಎಂಬ ಕೊಲೆಸ್ಟರಾಲ್ ಗುಳಿಗೆಯಿಂದ ಹೃದಯಾಘಾತ, ಲಕ್ವದಂಥ ಅವಘಡಗಳು ಶೇಕಡಾ 35 ಕಡಿಮೆಯಾದವು ಎಂದು 2023ರಲ್ಲಿ ಪ್ರಕಟವಾಯಿತು. ಅಷ್ಟು ಸಾಕು. ಹಾರ್ಮೋನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಮುಟ್ಟು ನಿಂತ ಮೇಲೆ ಹನಿ ರಕ್ತ ಕಂಡರೂ ‘ಹಾರ್ಮೋನಿನದು’ ಎಂದು ಸುಮ್ಮನಿರಬೇಡಿ. ಎಚ್‌ಐವಿ ಇರುವವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸುಮಾರು ಆರು ಪಟ್ಟು ಹೆಚ್ಚು. ಇನ್ನು ಗರ್ಭಕೋಶ ತೆಗೆಸಿಕೊಂಡವರು. ಬೀಡಿನ ಕಬ್ಬು ಕಡಿಯುವ ಹೆಂಗಸರ, ಕಲಬುರಗಿ ತಾಂಡಾಗಳ ಲಂಬಾಣಿ ಹೆಂಗಸರ ಕಥೆ ಪತ್ರಿಕೆಯಲ್ಲಿ ಓದಿದ್ದೀರಿ: ಚಿಕ್ಕ ವಯಸ್ಸಿಗೇ ‘ಚೀಲ’ ತೆಗೆಸಿಕೊಂಡವರು. ಅಂಡಾಶಯವನ್ನೂ ತೆಗೆದಿದ್ದರೆ ಒಂದೇ ರಾತ್ರಿಯಲ್ಲಿ ಮುಪ್ಪು. ಅವರಿಗೆ ಪ್ರೊಜೆಸ್ಟರಾನ್ ಬೇಡ, ಈಸ್ಟ್ರೋಜನ್ ಒಂದೇ ಸಾಕು, ಚಿಕಿತ್ಸೆ ಇನ್ನೂ ಸರಳ. ಕೊಡುವವರು ಯಾರು?

ಹಿರಿಯರು ಕ್ಷಮಿಸಬೇಕು, ಒಂದು ಮಾತು ಬಾಯಿಬಿಟ್ಟು ಹೇಳುವುದಿದೆ. ಈಸ್ಟ್ರೋಜನ್ ಇಳಿದರೆ ಒಳಗಿನ ಚರ್ಮ ಒಣಗುತ್ತದೆ, ಬಿರಿಯುತ್ತದೆ, ಮೂತ್ರಕ್ಕೆ ಹೋದರೆ ಉರಿ, ಗಂಡನ ಜೊತೆ ಮಲಗಿದರೆ ನೋವು. ಇದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಇದೆ. ರಕ್ತಕ್ಕೆ ಸೇರುವುದು ಅತ್ಯಲ್ಪ, ಎಆರ್‌ಟಿಯ ಜೊತೆ ತಗಾದೆ ಇಲ್ಲ, ವಯಸ್ಸಿನ ಗಡಿಯೂ ಇಲ್ಲ. ನಮ್ಮ ಹೆಂಗಸರು ಡಾಕ್ಟರ ಹತ್ತಿರ ಬರುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿರುತ್ತಾರೆ. ಎಣ್ಣೆ ತಾಗಿದರೆ ಕಾಂಡೋಮಿನ ರಬ್ಬರ್ ಹರಿಯುತ್ತದೆ. ಗುಳಿಗೆ ತಪ್ಪದೆ ನುಂಗಿ ವೈರಸ್ ರಕ್ತದಲ್ಲಿ ಕಾಣದಷ್ಟು ಇಳಿದವಳಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ, ಇದು ಗಟ್ಟಿಯಾಗಿ ತಿಳಿದ ಸಂಗತಿ. ಆದರೂ ಕಾಂಡೋಮ್ ಬಳಸುವವರು ನೀರಿನ ಜೆಲ್ ತನ್ನಿ, ಎಣ್ಣೆ ಅಡುಗೆಮನೆಯಲ್ಲೇ ಇರಲಿ.

ನನಗೂ 50ಕ್ಕೆ ಝಳ ಶುರುವಾಯಿತು. ಹುಬ್ಬಳ್ಳಿಯ ಸಹಪಾಠಿಗೆ ಒಂದು ಫೋನ್ ಮಾಡಿದೆ, ಸಂಜೆಗೆ ಜೆಲ್ ತರಿಸಿದೆ, ಎರಡು ವಾರದಲ್ಲಿ ನಿದ್ದೆ ಬಂತು. ಆ ಹೆಂಗಸಿಗೆ ಅದೇ ನಿದ್ದೆ ಬರಲು ನಾಲ್ಕು ವರ್ಷ ಬೇಕಾಯಿತು, ಅದರಲ್ಲಿ ಮೂರು ತಿಂಗಳು ನನ್ನ ಕೈಯಿಂದಲೇ ಹಾಳಾಯಿತು. ಆಕೆಯ ಒಪ್ಪಿಗೆ ಪಡೆದು ಎಆರ್‌ಟಿ ಡಾಕ್ಟರಿಗೆ ಪತ್ರ ಬರೆದೆ. ಹಾರ್ಮೋನಿನ ಗುಳಿಗೆ ಬಿಡಿಸಿ ಜೆಲ್‌ಗೆ ಹಾಕಿದೆ. ಊದುಗೊಳವೆ ಇದ್ದರೂ ಮೊದಲ ಸುತ್ತಿನ ಬೆಂಕಿಯಾದರೂ ತಪ್ಪಲಿ ಎಂದು. ಅರ್ಧ ಗುಣ ಬಂತು. 2021ರಲ್ಲಿ ಸೆಂಟರಿನವರು ಎಫಾವಿರೆನ್ಜ್ ತೆಗೆದು ಡೊಲುಟೆಗ್ರಾವಿರ್ ಕೊಟ್ಟರು. ಅದಾಗಿ ತಿಂಗಳೊಳಗೆ ಸ್ತನ ಬಿಗಿಯುತ್ತದೆ, ಭಾರವೆನಿಸುತ್ತದೆ ಎಂದು ಬಂದಳು. ಉರಿ ಆರಿದ ಒಲೆಯ ಮೇಲೆ ಹಳೆಯ ಪ್ರಮಾಣ ಹೆಚ್ಚಾಗಿತ್ತು, ಇಳಿಸಿದೆ. ಎಆರ್‌ಟಿ ಬದಲಾದಾಗ ಹಾರ್ಮೋನಿನ ಲೆಕ್ಕವನ್ನೂ ಮತ್ತೆ ಮಾಡಬೇಕೆಂದು ಆಗ ಕಲಿತೆ. ಎಆರ್‌ಟಿ ಪುಕ್ಕಟೆ, ಜೆಲ್ ಅಂಗಡಿಯದು. ರೊಟ್ಟಿಯ ದುಡ್ಡಿನಲ್ಲಿ ಆಕೆ ಅದನ್ನು ಹೇಗೆ ಹೊಂದಿಸುತ್ತಾಳೆಂದು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಹೋದ ತಿಂಗಳು ಬಂದಿದ್ದಳು. ಈಗ 50. ಕೊಡಬೇಕಾದದ್ದನ್ನು ಕೊಟ್ಟಾಯಿತು, ಮುಂದುವರಿಸಬೇಕೋ, ಮೆಲ್ಲಗೆ ಇಳಿಸಬೇಕೋ ಎಂಬ ಮಾತು ಶುರುಮಾಡಿದ್ದೇವೆ. ಮೂಳೆಯ ಸ್ಕ್ಯಾನ್ ನೋಡಿ ತೀರ್ಮಾನ ಮಾಡೋಣ ಎಂದೆ. ಹಸಿರು ಪುಸ್ತಕವನ್ನು ಆಕೆಯೇ ತೆಗೆದು ಮುಂದಿಟ್ಟಳು. ಹಾರ್ಮೋನಿಗೆ ಅದರಲ್ಲಿ ಕಾಲಂ ಇಲ್ಲ, ನಾನು ಪ್ರತಿಸಲ ಅಂಚಿನಲ್ಲೇ ಬರೆಯುತ್ತೇನೆ.

“ಸಣ್ಣಗ ಬರೀರಿ ಬಾಯಾರ, ಇನ್ನೂ ಭಾಳ ವರ್ಷ ಬರಿಯೂದದ, ಜಾಗ ಸಾಲೂದಿಲ್ಲ” ಎಂದಳು.

ಮುಂದಿನ ತಾರೀಖು ಮಂಗಳವಾರಕ್ಕೆ ಹಾಕಿದೆ. ಆಕೆ ಗೋಡೆಯ ಕ್ಯಾಲೆಂಡರ್ ನೋಡಿ, “ಅವತ್ತ ಅಂಗಾರಕಿ ಸಂಕಷ್ಟಿ ಅದರಿ. ಟಿಟ್ವಾಳಾ ಲೋಕಲ್‌ನ್ಯಾಗ ಕಾಲಿಡಾಕ ಜಾಗ ಇರೂದಿಲ್ಲ” ಎಂದಳು. ಬುಧವಾರ ಎಂದು ತಿದ್ದಿಕೊಟ್ಟೆ.